ಖರ್ಜೂರ ಕಟ್ಟುವ ಕಂಬ

ಕದಿರಮ್ಮ ಒಳ್ಳೆಯವಳು ಎಂದು ನಾನು ಹೇಳುವುದಿಲ್ಲ. ಅವಳು ನನ್ನ ಗಂಡನ ಅಕ್ಕ, ನಮ್ಮ ಕಡೆಯ ಮಾತಿನಲ್ಲಿ ವದಿನ. ನಲವತ್ತೈದು ವರ್ಷಕ್ಕೂ ಮೇಲೆ ಒಂದೇ ಅಂಗಳದಲ್ಲಿ ಬಾಳಿದ್ದೇವೆ, ನಡುವೆ ಒಂದು ಗೋಡೆ. ಗೋಡೆಯ ಆಚೆ ಅವಳು ಕೆಮ್ಮಿದರೂ ನನ್ನನ್ನು ಬೈದ ಹಾಗೆ ಕೇಳುತ್ತದೆ. ಗೌನಿಪಲ್ಲಿಗೆ ಮದುವೆಯಾಗಿ ಹೋದವಳು ಆರು ತಿಂಗಳಿಗೇ ತಗಡಿನ ಪೆಟ್ಟಿಗೆ ತಲೆ ಮೇಲೆ ಹೊತ್ತುಕೊಂಡು ನಡೆದೇ ತವರಿಗೆ ಬಂದಳಂತೆ. ಏಕೆಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು? ಮಾವಿನ ಕಾಲದಲ್ಲಿ ತೋಟಗಳಿಗೆ ಕಾಯಿ ಆರಿಸುವ ಕೂಲಿಗೆ ಹೋಗುತ್ತಿದ್ದಳು. ಯಾವ ಕಾಯಿ ಒಳಗೆ ಕೊಳೆತಿದೆ ಎಂದು ಮುಟ್ಟಿಯೇ ಹೇಳುತ್ತಿದ್ದಳು. ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು. ಅವಳ ಕಣ್ಣಿಗೆ ಎಲ್ಲರೂ ಕೊಳೆತವರೇ, ಮೊದಲನೆಯವಳು ನಾನು.

ನಮ್ಮೂರು ಗುರ್ರಾಲದಿನ್ನೆ, ರಾಯಲ್ಪಾಡಿನಿಂದ ಮೂರು ಮೈಲಿ. ಊರಿಗಿಂತ ಊರಿನ ಮಂಟಪ ಹೆಸರುವಾಸಿ. ಎಂಟು ಕಂಬದ ಕಲ್ಲು ಮಂಟಪ, ಐನೂರು ವರ್ಷದ್ದಂತೆ. ಕೋಲಾರ, ಮಾಲೂರು ಕಡೆಯಿಂದ ಶಾಲೆ ಮಕ್ಕಳು ಬಸ್ಸಿನಲ್ಲಿ ಬಂದು ನೋಡಿಕೊಂಡು ಹೋಗುತ್ತಾರೆ. ಒಳಗೆ ದೇವರಿಲ್ಲ. ಪಡುವಣ ಕಡೆಯ ಕಂಬದಲ್ಲಿ ಒಬ್ಬ ಗಡ್ಡದ ಗಂಡಸು ಕುದುರೆಯ ಲಗಾಮು ಹಿಡಿದು ನಿಂತಿದ್ದಾನೆ. ತಲೆಯ ಮೇಲೆ ಚೊಂಬು ಬೋರಲು ಹಾಕಿದಂಥ ಟೋಪಿ, ಮೊಣಕಾಲಿನವರೆಗೆ ಜೋಡು. ನಮ್ಮ ಸೀಮೆಯಲ್ಲಿ ಅಂಥ ಉಡುಪು ಯಾರದೂ ಅಲ್ಲ. ಆದರೂ ಊರಿನ ದೊಡ್ಡ ಮನೆಯ ಕೋದಂಡರಾಮಪ್ಪ, ಆ ಗಡ್ಡದವನು ತನ್ನ ವಂಶದ ಪಾಳೇಗಾರ, ಮಂಟಪ ಕಟ್ಟಿಸಿದವನೇ ಅವನು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಅಪ್ಪನೂ ಹಾಗೇ ಹೇಳುತ್ತಿದ್ದ. ಊರಿನ ಯಾವ ಕಾರ್ಯದಲ್ಲೂ ಮೊದಲ ತಾಂಬೂಲ ಅವರ ಮನೆಗೆ ಹೋಗುವುದು ಆ ಮಾತಿನ ಬಲದಿಂದಲೇ.

ಆದರೆ ಕಂಬಕ್ಕೆ ಸಲ್ಲಬೇಕಾದದ್ದು ಸಲ್ಲುವುದು ನಮ್ಮ ಮನೆಯಿಂದ. ಸಂಕ್ರಾಂತಿಯ ಮಾರನೆಯ ದಿನ ಕನುಮ, ದನಕರುಗಳ ಹಬ್ಬ. ಅವತ್ತು ನಮ್ಮ ಮನೆಯ ಹೆಂಗಸೊಬ್ಬಳು ನೆನೆಸಿದ ಹುರುಳಿಯನ್ನು ಕಲ್ಲು ಕುದುರೆಯ ಬಾಯಿಗೆ ಒತ್ತಿ, ಕಂಬಕ್ಕೆ ಖರ್ಜೂರದ ಸರ ಕಟ್ಟಿ ಬರಬೇಕು. ತೆಂಗಿನಕಾಯಿ ಒಡೆಯುವಂತಿಲ್ಲ, ಆರತಿ ಎತ್ತುವಂತಿಲ್ಲ, ಕುಂಕುಮವಂತೂ ಸೋಕಿಸುವಂತಿಲ್ಲ. ಏಕೆ ಎಂದರೆ ನಮ್ಮ ಅತ್ತೆಗೂ ಗೊತ್ತಿರಲಿಲ್ಲ. ಸಂಜೆಗೆ ಸರ ಬಿಚ್ಚಿ ಊರ ಮಕ್ಕಳಿಗೆ ಹಂಚುವುದು. ಅತ್ತೆಯ ನಂತರ ಅದು ಕದಿರಮ್ಮನ ಕೈಗೆ ಬಂತು. ಗಂಡನನ್ನು ಬಿಟ್ಟು ಬಂದವಳೆಂದು ಬೇರೆ ಯಾವ ಶುಭಕಾರ್ಯಕ್ಕೂ ಅವಳನ್ನು ಮುಂದೆ ಬಿಡುತ್ತಿರಲಿಲ್ಲ. ವರ್ಷಕ್ಕೆ ಆ ಒಂದು ದಿನ ಊರು ಅವಳ ಹಿಂದೆ ನಿಲ್ಲಬೇಕಿತ್ತು. ಕಂಬದ ಗಡ್ಡದವನು ಯಾರ ಗಂಡನನ್ನೂ ವಿಚಾರಿಸುತ್ತಿರಲಿಲ್ಲ.

ನನಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಬಂದ ವರ್ಷ ಕನುಮದ ದಿನ ಕದಿರಮ್ಮನ ಹಿಂದೆ ನಾನೂ ಹೋದೆ. ಕಲ್ಲಿನ ಹಣೆ ಬರಿದಾಗಿ ಕಂಡಿತು. ಕುಂಕುಮ ಇಡೋಣ ಎಂದು ಕೈ ಎತ್ತಿದೆ. ಪಟಾರನೆ ಕದಿರಮ್ಮನ ಏಟು ಬಿತ್ತು. ಬಳೆ ಒಡೆದು ಚೂರು ಮಣಿಕಟ್ಟಿಗೆ ಹೊಕ್ಕಿತು.

"ನಿನ್ನ ಕೈ ಸೇದೋಗ! ಆಯಪ್ಪನಿಗೆ ಕುಂಕುಮ ಇಡ್ತೀಯೇನೇ? ನಿಮ್ಮಮ್ಮ ನಿನಗೆ ಏನೂ ಕಲಿಸಿಲ್ವೇನೇ?"

ಅರ್ಧ ಊರು ನೋಡುತ್ತಿತ್ತು. ಹೊಸ ಸೀರೆಗೆ ರಕ್ತ ಸುರಿಸಿಕೊಂಡು ಮನೆಗೆ ಬಂದೆ. ಹೊಡೆದದ್ದನ್ನು ಮರೆತಿರುತ್ತಿದ್ದೆನೋ ಏನೋ. ಅಮ್ಮನ ಹೆಸರು ಎತ್ತಿದ್ದನ್ನು ಮರೆಯಲಿಲ್ಲ.

ಮೂರು ವರ್ಷದ ಹಿಂದೆ ಮೇಘನ ಎಂಬ ಹುಡುಗಿ ಬಂದಳು. ಕೋಲಾರದವಳು, ಕಲ್ಲಿನ ಮೇಲಿನ ಹಳೇ ಬರಹ ಓದುವ ಕೆಲಸ ಅವಳದು. ಆ ಕಂಬದ ಬುಡದ ಪಾಚಿ ಉಜ್ಜಿ, ಒದ್ದೆ ಕಾಗದ ಬಡಿದು, ಮಸಿ ಒತ್ತಿ ಅಕ್ಷರ ಎಬ್ಬಿಸಿದಳು. ಸಮುದ್ರದ ಆಚೆಯಿಂದ ಕುದುರೆ ಮಾರಲು ಬಂದ ವರ್ತಕನೊಬ್ಬ, ಕುದುರೆಗಳು ಸಾಯುವಾಗ ಇಲ್ಲಿ ನೀರೂ ಹುರುಳಿಯೂ ಸಿಕ್ಕಿದ್ದಕ್ಕೆ, ದಾರಿಹೋಕರಿಗೆ ನೆರಳಾಗಲಿ ಎಂದು ಕಟ್ಟಿಸಿದ ಮಂಟಪ ಎಂದು ಓದಿ ಹೇಳಿದಳು. ಅವನ ಹೆಸರಿದ್ದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದು ಹೋಗಿತ್ತು.

ಕದಿರಮ್ಮ ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು ಒಂದೇ ಮಾತು ಹೇಳಿದಳು. "ಅದಕ್ಕೇ ಖರ್ಜೂರ. ಅವನಿಗೆ ತೆಂಗಿನಕಾಯಿ ಏನು ಗೊತ್ತು, ಪಾಪ."

ಕೋದಂಡರಾಮಪ್ಪನಿಗೆ ಬೆಂಕಿ ಬಿದ್ದ ಹಾಗಾಯಿತು. ಎಲ್ಲಿಂದಲೋ ಬಂದ ಕುದುರೆ ವ್ಯಾಪಾರಿ ಕಟ್ಟಿಸಿದ್ದಾದರೆ ಅವನ ಪಾಳೇಗಾರ ಎಲ್ಲಿ ಹೋದ? ಮಂಟಪ ರಿಪೇರಿ ಎಂದು ಸಾರಿದ. ಬರಹ ಮುಚ್ಚುವ ಹಾಗೆ ಕೆಳಗೆ ಗ್ರಾನೈಟು, ಟೋಪಿ ಕೆತ್ತಿ ಕಿರೀಟ, ಗಡ್ಡ ತೆಗೆದು ಮೀಸೆ, ಹಣೆಗೆ ನಾಮ, ಮೇಲೆ ಬಣ್ಣ. ಮೇಘನ ಪುರಾತತ್ವ ಇಲಾಖೆಗೆ ಅರ್ಜಿ ಹಾಕಿದಳು. ಕನುಮದ ದಿನವೇ ಬಂದು ಪದ್ಧತಿ ನೋಡಿ, ಊರವರನ್ನು ವಿಚಾರಿಸಿ ತೀರ್ಮಾನ ಹೇಳುತ್ತೇವೆ ಎಂದರು.

ಹಬ್ಬದ ಹಿಂದಿನ ದಿನ ಕೋದಂಡರಾಮಪ್ಪ ನನ್ನ ಜಗಲಿ ಮೇಲೆ ಕೂತ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಶಾಮಲಕ್ಕಾ, ನೀನು ಮದುವೆಯಾಗಿ ಬಂದ ವರ್ಷ ಆ ಕಂಬಕ್ಕೆ ಕುಂಕುಮ ಇಟ್ಟೆ ಅಂತ ನಮ್ಮಮ್ಮ ಹೇಳ್ತಿದ್ಲು. ಅಷ್ಟು ಹೇಳು ಸಾಕು. ಕುಂಕುಮ ಇಟ್ರೆ ಅವನು ನಮ್ಮೋನೇ. ಈ ಖರ್ಜೂರ ಗಿರ್ಜೂರ ಎಲ್ಲ ಆ ಹುಡುಗಿ ಹೇಳಿಕೊಟ್ಟ ಮೇಲೆ ಮುದುಕಿ ಶುರು ಮಾಡಿದ್ದು ಅನ್ನು."

"ಆಮೇಲೆ ಕದಿರಮ್ಮನ ಗತಿ?"

"ಆಮೇಲೆ ಆಯಮ್ಮ ಮಂಟಪದ ಮೆಟ್ಟಿಲು ಹತ್ತಲ್ಲ. ನಿನಗೂ ಅದೇ ತಾನೇ ಬೇಕಾಗಿರೋದು?"

ಬೇಕಾಗಿತ್ತು. ಸುಳ್ಳು ಏಕೆ ಹೇಳಲಿ. ಅವನಿಗೆ ಕಾಫಿ ಮಾಡಿಕೊಟ್ಟೆ.

ಮಾರನೆಯ ಬೆಳಿಗ್ಗೆ ಕದಿರಮ್ಮ ಖರ್ಜೂರದ ಸರವನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಕಲ್ಲು ಕೆಲಸದ ಉಮೇಶ್ ಉಳಿ ಸುತ್ತಿಗೆ ಹಿಡಿದು ಅಪ್ಪಣೆಗೆ ಕಾಯುತ್ತಿದ್ದ. ಯಾರೋ ಕೂಗಿದರು.

"ಏನಮ್ಮೋ, ಗಡ್ಡದವನ ದೇಶಕ್ಕೆ ಟಿಕೆಟ್ ತಗೊಂಡಾ?"

"ಎರಡು ತಗೊಂಡಿದೀನಿ ಕಣೋ. ನಿನ್ನನ್ನ ಕರ್ಕೊಂಡು ಹೋಗಿ ಅಲ್ಲಿ ಮಾರಿ ಬರೋಣ ಅಂತ. ಕುದುರೆ ಬೆಲೆ ಬರಲ್ಲ, ಕತ್ತೆ ಬೆಲೆಗೆ ಕೊಡ್ತೀನಿ."

ನಗು ಬಂತು, ತಡೆದುಕೊಂಡೆ.

ಇಲಾಖೆಯ ಅಧಿಕಾರಿ ಹಾಳೆ ತೆಗೆದು ಕೇಳಿದರು. "ಈ ಖರ್ಜೂರ ಕಟ್ಟೋದು ಎಷ್ಟು ವರ್ಷದಿಂದ ಇದೆ?"

ಕೋದಂಡರಾಮಪ್ಪ ಸುತ್ತ ನೋಡಿದ. ಊರಿಗೆ ಊರೇ ನೆಲ ನೋಡಿತು. ಅವರಲ್ಲಿ ಚಿಕ್ಕಂದಿನಲ್ಲಿ ಆ ಖರ್ಜೂರಕ್ಕೆ ಕೈಚಾಚದವನು ಒಬ್ಬನೂ ಇರಲಿಲ್ಲ. ಪಕ್ಕದ ಮನೆಯ ನರಸಿಂಹಪ್ಪ ಅಂತೂ ಎರಡೆರಡು ಸಲ ಬರುತ್ತಿದ್ದ. ಅವನೂ ಈಗ ಚಪ್ಪಲಿಯಲ್ಲಿ ಮಣ್ಣು ಕೆದಕುತ್ತಿದ್ದ.

"ಎರಡು ವರ್ಷದಿಂದ ಅಷ್ಟೇ ಸಾರ್, ಆ ಮೇಘನ ಹೇಳಿಕೊಟ್ಟ ಮೇಲೆ," ಎಂದ ಕೋದಂಡರಾಮಪ್ಪ. "ಬೇಕಾದ್ರೆ ಅವ್ರ ಮನೆಯವಳನ್ನೇ ಕೇಳಿ. ಶಾಮಲಕ್ಕಾ, ಬಾ."

ನಾನು ಮುಂದೆ ಬಂದೆ. ಕದಿರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಗಲಾದರೂ ಒಂದು ಮೆತ್ತನೆಯ ಮಾತು ಆಡಬಹುದಿತ್ತು.

"ಇವಳನ್ನ ಕೇಳ್ತೀರಾ? ಇವಳಿಗೆ ಹುರುಳಿ ನೆನೆಹಾಕೋಕೇ ಬರಲ್ಲ."

ನಾನು ಬಲಗೈ ಚಾಚಿ ಮಣಿಕಟ್ಟು ತೋರಿಸಿದೆ.

"ಸಾರ್, ಕುಂಕುಮ ಇಡೋಕೆ ಹೋಗಿದ್ದು ನಿಜ. ಇಡಲಿಲ್ಲ. ಅಷ್ಟರಲ್ಲಿ ಈ ರಾಕ್ಷಸಿ ಹೊಡೆದ್ಲು. ಬಳೆ ಚುಚ್ಚಿದ ಗುರುತು ನೋಡಿ. ನಲವತ್ತೈದು ವರ್ಷ ಆಯ್ತು. ಆ ಹುಡುಗಿಯ ಅಮ್ಮ ಆವಾಗ ತೊಟ್ಟಿಲಲ್ಲಿ ಇದ್ಲೋ ಏನೋ. ಯಾರು ಹೇಳಿಕೊಟ್ರು ಅಂತ ಇವಳು ಹೊಡೆದ್ಲು? ಅವತ್ತೂ ಕಂಬದಲ್ಲಿ ಖರ್ಜೂರವೇ ಇತ್ತು. ನನ್ನ ರಕ್ತ ಅದರ ಮೇಲೂ ಬಿದ್ದಿತ್ತು."

ಅಧಿಕಾರಿ ನನ್ನ ಕೈ ಹಿಡಿದು ಗುರುತನ್ನು ಬೆಳಕಿಗೆ ತಿರುಗಿಸಿ ನೋಡಿದರು. ಬರೆದುಕೊಂಡರು. ನಾನು ಓದಿದ್ದು ಮೂರನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದೆ. ಕಂಬವನ್ನು ಯಾರೂ ಮುಟ್ಟಕೂಡದು ಎಂದು ಅವರು ಅಲ್ಲೇ ಹೇಳಿದರು. ಉಮೇಶ್ ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

"ಮನೆಹಾಳಿ!" ಎಂದ ಕೋದಂಡರಾಮಪ್ಪ. "ನಿನ್ನ ಬಾಗಿಲಿಗೆ ಇನ್ನು ಯಾರು ಬರ್ತಾರೆ ನೋಡ್ತೀನಿ."

ಮಾತು ಉಳಿಸಿಕೊಂಡ. ಇವತ್ತಿಗೂ ಅವನ ಕಡೆಯವರು ನನ್ನ ಮನೆ ಮುಂದೆ ಹೋಗುವಾಗ ಉಗಿಯುತ್ತಾರೆ. ಮದುವೆ ಮುಂಜಿಗೆ ಕರೆಯುವುದಿಲ್ಲ. ಕಲ್ಲಿನ ಮೇಲಿರುವುದು ಹೊರಗಿನವನೆಂದು ಒಪ್ಪಿದವರು ಕಡಿಮೆ. ನಾನು ಹೊರಗಿನವಳೆಂದು ಎಲ್ಲರೂ ಒಪ್ಪಿದ್ದಾರೆ.

ಅವತ್ತು ಮನೆಗೆ ಬರುವ ದಾರಿಯಲ್ಲಿ ಕದಿರಮ್ಮ ನನ್ನ ಹಿಂದೆ ಇದ್ದಳು.

"ಇಷ್ಟು ವರ್ಷ ಅದನ್ನ ಮನಸ್ಸಲ್ಲಿ ಇಟ್ಕೊಂಡಿದ್ದೀಯಲ್ಲೇ, ಹಾವೇ."

"ಸಾಯೋವರೆಗೂ ಇಟ್ಕೊಂಡಿರ್ತೀನಿ ವದಿನಾ."

"ಇಟ್ಕೋ."

ಈ ವರ್ಷದ ಕನುಮಕ್ಕೆ ಅವಳ ಮಂಡಿ ಏಳಲಿಲ್ಲ. ಮಂಟಪದ ಕೆಳಗಿನ ಮೆಟ್ಟಿಲವರೆಗೆ ಕೋಲೂರಿ ಬಂದು ಕೂತು, ಹುರುಳಿಯನ್ನೂ ಸರವನ್ನೂ ನನ್ನ ಕೈಗೆ ಎಸೆದಳು. ಕೊಡಲಿಲ್ಲ, ಎಸೆದಳು. ನಾನು ಗಂಡ ಸತ್ತವಳು. ಬೇರೆ ಕಡೆಯಾದರೆ ಹಿಂದೆ ನಿಲ್ಲು ಎನ್ನುತ್ತಿದ್ದರು. ಹತ್ತಿ ಹೋಗಿ ಕುದುರೆಯ ಬಾಯಿಗೆ ಹುರುಳಿ ಒತ್ತಿದೆ, ಕಂಬದ ಸುತ್ತ ಸರ ಬಳಸಿದೆ.

"ಬಿಗಿಯಾಗಿ ಕಟ್ಟೇ!" ಎಂದು ಕೆಳಗಿನಿಂದ ಅರಚಿದಳು. "ಗಂಟು ಹಾಕೋದನ್ನೂ ನಿಮ್ಮಮ್ಮ ಕಲಿಸಿಲ್ವಾ?"

ಅವಳ ಮುದಿ ಬೆರಳುಗಳಿಗೆ ಎಂದೂ ಬಿಚ್ಚಲು ಬಾರದಷ್ಟು ಬಿಗಿಯಾಗಿ ಕಟ್ಟಿದೆ.