ಶೋಜಿಗೆ ಬೇಯಿಸಿದ ಬೆಳ್ತಿಗೆ ಅನ್ನ

ನನ್ನ ಮೊಮ್ಮಗಳು ಬೇರೆಯವರ ಮನೆಗಳ ಒಳಗನ್ನು ಚಂದ ಮಾಡಿಕೊಡುವ ಕೆಲಸದವಳು. ಅದನ್ನು ಕಲಿಯಲೆಂದೇ ಜಪಾನಿಗೆ ಹೋಗಿ ಅಲ್ಲಿಯ ಬಡಗಿಗಳ ಹತ್ತಿರ ಇದ್ದು ಬಂದಿದ್ದಾಳೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವಳು ಹೇಳುವುದರಲ್ಲಿ ಅರ್ಧ ನನಗೆ ತಿಳಿಯುವುದಿಲ್ಲ, ತಿಳಿದ ಅರ್ಧವನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ.

ಮಳೆಗಾಲ ಮುಗಿಯುತ್ತ ಬಂದಾಗ ಅವಳಿಗೆ ತನ್ನದೇ ಎನ್ನುವ ಮೊದಲ ಕೆಲಸ ಸಿಕ್ಕಿತು. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿ ಕಟ್ಟಿದ ಭಾರೀ ಅಪಾರ್ಟ್‌ಮೆಂಟು, ಅದರ ಮೇಲಿನ ಮಹಡಿಯ ಮನೆ. ಮನೆಯ ಯಜಮಾನಿ, ನಮ್ಮ ಕಡೆ ಬಾಯಿ ಎನ್ನುತ್ತೇವೆ, ಕೈಗಾದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಒಂದು ಕೋಣೆಯನ್ನು ಜಪಾನಿನ ರೀತಿ ಮಾಡಿ ತೋರಿಸು, ಮನಸ್ಸಿಗೆ ಬಂದರೆ ಇಡೀ ಮನೆಯ ಕೆಲಸ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಹೇಳಿದ್ದರಂತೆ. ನೋಡಲು ಬರುವ ದಿನವೂ ಗೊತ್ತಾಗಿತ್ತು.

ಮೊಮ್ಮಗಳು ಶೆಟಗೇರಿಯ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ನೆಲಕ್ಕೆ ಹುಲ್ಲಿನ ದಪ್ಪ ಚಾಪೆ ಬಿತ್ತು ಎನ್ನುತ್ತಿದ್ದಳು, ಗೋಡೆಗೆ ಸುಟ್ಟ ಹಲಗೆ ಹೊಡೆದಾಯಿತು ಎನ್ನುತ್ತಿದ್ದಳು.

"ಒಳ್ಳೆ ಹಲಗೆ ಯಾಕೆ ಸುಟ್ಯೆ ಮಾರಾಯ್ತಿ?"

"ನೀ ಬೇಲಿ ಗೂಟದ ಬುಡ ಸುಟ್ಟು ಹುಗೀತೆ ಅಲ್ವೆ ಅಜ್ಜಿ? ಅದ್ಕೇಯ. ಹುಳ ಹಿಡೂದಿಲ್ಲ."

ಇದಾದ ಮೇಲೆ ಒಂದು ಸಂಜೆ ಅವಳು ಅಂಗಳದಲ್ಲಿ ನಿಂತು ಫೋನಿನಲ್ಲಿ ತನ್ನ ಬಡಗಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. "ಶೋಜಿ ಜಪಾನಿಂದ ಗೋವಾಕ್ಕೆ ಬಂದು ಮುಟ್ತಂತೆ. ನಾಳೆ ಕಾರವಾರಕ್ಕೆ ಬತ್ತದೆ. ಜೋಪಾನ ಹಾಂ! ನೀರು ತಾಗೂಕಾಗ. ಎರಡು ಜನ ಹಿಡ್ಕಂಡು ನಿಲ್ಸ್ಕಂಡೇ ತರ್ಬೇಕು, ಮಲಗಸೂಕಾಗ."

ನಮ್ಮ ಕಡೆ ಹೆಣ್ಣುಮಕ್ಕಳನ್ನು 'ಅದು ಬಂತು, ಅದು ಹೋಯಿತು' ಎಂದೇ ಹೇಳುವುದು. ನನ್ನನ್ನೂ ಹಾಗೇ ಹೇಳುತ್ತಾರೆ. ಹಾಗಾಗಿ ಶೋಜಿ ಎಂದರೆ ಜಪಾನಿನ ಹುಡುಗಿ, ಮೊಮ್ಮಗಳ ಗೆಳತಿ, ಕೆಲಸಕ್ಕೆ ಸಹಾಯ ಮಾಡಲು ಬರುತ್ತಿದ್ದಾಳೆ ಎಂದು ನಾನು ತಿಳಿದೆ. ಎರಡು ಜನ ಹಿಡಿದುಕೊಂಡು ತರಬೇಕು ಎಂದರೆ ಎಷ್ಟು ನಿತ್ರಾಣ ಇರಬೇಡ! ಮಲಗುವುದಕ್ಕೂ ಆಗದಂಥ ಎಂಥ ಕಾಯಿಲೆಯೋ, ಪಾಪ.

ಮರುದಿನ ಮೊಮ್ಮಗಳು ಹೊರಟು ಹೋದ ಮೇಲೆ ಅಂಕೋಲೆ ಪೇಟೆಗೆ ಹೋಗಿ ನೊಗಲಿ ಮೀನು ತಂದೆ. ಖಾರ ಕಡಿಮೆ ಹಾಕಿ ಸಾರು ಮಾಡಿದೆ. ಮನೆಯಲ್ಲಿ ದಿನಾ ಕೆಂಪು ಕುಚ್ಚಲಕ್ಕಿಯ ಅನ್ನ. ನಿತ್ರಾಣದವರಿಗೆ ಅದು ಅರಗಲಿಕ್ಕಿಲ್ಲ ಎಂದು ಬೆಳ್ತಿಗೆ ಅಕ್ಕಿಯ ಬಿಳಿ ಅನ್ನವನ್ನು ಮೆತ್ತಗೆ ಬೇಯಿಸಿದೆ. ರಾತ್ರಿ ಊಟಕ್ಕೆ ಕರೆದುಕೊಂಡು ಬರಲಿ ಎಂದು ಫೋನ್ ಮಾಡಿದರೆ ಮೊಮ್ಮಗಳು ಅಳುತ್ತಿದ್ದಾಳೆ.

"ಅಜ್ಜೀ, ಲಾರಿಯಿಂದ ಇಳಸೂವಾಗ ಶೋಜಿ ಬಿತ್ತು. ಒಂದ್ ಬದಿ ಪೂರಾ ಹರ್ದೋಯ್ತು. ಸಂಜಿಗೆ ಬಾಯಿ ನೋಡೂಕೆ ಬತ್ರು. ನಂದು ಮುಗೀತು." ಫೋನ್ ಕಟ್ಟಾಯಿತು.

ಒಂದು ಬದಿ ಪೂರಾ ಹರಿದುಹೋಯಿತು! ಅನ್ನ, ಸಾರು ಡಬ್ಬಿಗೆ ತುಂಬಿದೆ, ಅರಿಶಿನದ ಪುಡಿ ಕಟ್ಟಿಕೊಂಡೆ, ಹಳೇ ಹತ್ತಿ ಸೀರೆ ಒಂದನ್ನು ಚೀಲಕ್ಕೆ ತುರುಕಿದೆ. ಬಸ್ಸಿನಲ್ಲಿ ಕಾರವಾರ ಮುಟ್ಟುವವರೆಗೆ ಯಾವ ದೇವರನ್ನೂ ಬಿಡಲಿಲ್ಲ. ದೂರದ ದೇಶದ ಯಾರದೋ ಮಗಳು, ಇಲ್ಲಿ ಬಂದು ಹೀಗಾದರೆ ಹೆತ್ತವರಿಗೆ ಏನು ಹೇಳುವುದು?

ಲಿಫ್ಟಿನಿಂದ ಇಳಿದು ಒಳಗೆ ಹೋದವಳೇ ಕೂಗಿದೆ. "ಎಲ್ಲದೆ ಅದು? ರಕ್ತ ನಿಂತದ್ಯೆ? ಆಸ್ಪತ್ರೆಗೆ ಒಯ್ಯೂದು ಬಿಟ್ಟು ಇಲ್ಲೆಂತ ಮಾಡ್ತ್ರಿ?"

ಮೊಮ್ಮಗಳು ಕಣ್ಣೊರೆಸಿಕೊಂಡು, "ಯಾರನ್ನ ಅಜ್ಜಿ?" ಎಂದಳು.

"ಶೋಜಿ!"

ಕದ್ವಾಡದಿಂದ ಬರುವ ಅವಳ ಬಡಗಿ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಗೋಡೆಗೆ ಒರಗಿಸಿಟ್ಟ ಬಾಗಿಲನ್ನು ತೋರಿಸಿದ. ಸಪೂರ ಪಟ್ಟಿಗಳ ಚೌಕಟ್ಟು, ಅದಕ್ಕೆ ಅಂಟಿಸಿದ ಬಿಳಿ ಕಾಗದ. ಕಾಗದ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. "ಇದೇಯ ಶೋಜಿ, ಅಮ್ಮಾ. ಅರಿಶಿನ ಹಚ್ತ್ರೆ?"

ನಾನು ಕೂತುಬಿಟ್ಟೆ. ಯಾವ ಹುಡುಗಿಯೂ ಬಿದ್ದಿಲ್ಲ, ಯಾರ ಮೈಯೂ ಹರಿದಿಲ್ಲ! ಬಡಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಮೊಮ್ಮಗಳು ಅಳುತ್ತಲೇ ನಕ್ಕಳು. ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಬೇರೆ ಕಾಗದದ ಸುರುಳಿ ಇತ್ತು. ಅವಳು ಮೊದಲೇ ಮಾಡಿಟ್ಟುಕೊಂಡಿದ್ದ ಅಂಟು ಮಾತ್ರ ಸೆಖೆಗೆ ಹುಳಿ ಬಂದು ನಾರುತ್ತಿತ್ತು.

"ಅಂಗಡಿ ಅಂಟು ತಕಾ ಬಂದ್ರೆ?" ಎಂದೆ.

"ಆಗೂಕಿಲ್ಲ ಅಜ್ಜಿ. ಕಾಗದ ಹಳೇದಾದ್ರೆ ನೀರು ಹಚ್ಚಿ ತೆಗ್ದು ಹೊಸಾದು ಹಾಕೂದು. ಅಂಗಡಿ ಅಂಟು ಬಿಡೂದೇ ಇಲ್ಲ. ಅವ್ರು ಹಾಕೂದು ಅನ್ನದ ಅಂಟು. ಇಲ್ಲಿ ನೋಡಿರೆ ಒಲೆನೂ ಇಲ್ಲ..." ಅವಳ ಕಣ್ಣು ನನ್ನ ಚೀಲದ ಮೇಲೆ ನಿಂತಿತು. "ಡಬ್ಬೀಲಿ ಎಂತದು?"

"ಶೋಜಿಗೆ ಅಂತ ಬೆಳ್ತಿಗೆ ಅನ್ನ."

ಡಬ್ಬಿಯ ಮುಚ್ಚಳ ತೆಗೆದು ನೋಡಿದವಳು ನನ್ನ ಕೆನ್ನೆ ಹಿಂಡಿದಳು. ಹಲಗೆಯ ಮೇಲೆ ಅನ್ನ ಸುರಿದು ಮರದ ಪಟ್ಟಿಯಿಂದ ಅರೆಯತೊಡಗಿದಳು. ಒಂದು ಅಗುಳೂ ಉಳಿಯದ ಹಾಗೆ ಅರೆದು, ನೀರು ಸೇರಿಸಿ, ನನ್ನ ಹಳೇ ಸೀರೆಯಲ್ಲಿ ಸೋಸಿದಳು. ಕೆಂಪು ಅನ್ನವಾಗಿದ್ದರೆ ಕಾಗದಕ್ಕೆ ಕಲೆ ಬೀಳುತ್ತಿತ್ತಂತೆ. ಹರಿದದ್ದನ್ನು ಕಿತ್ತು ಹೊಸ ಕಾಗದ ಅಂಟಿಸಿದ್ದಾಯಿತು, ಆದರೆ ಅಲ್ಲಲ್ಲಿ ಸುಕ್ಕು. ಅಂಟು ಹಿಡಿದ ಮೇಲೆ ಅವಳು ಅದಕ್ಕೆ ನೀರು ಚಿಮುಕಿಸಲು ಹೊರಟಾಗ ನಾನು ಕೈ ಹಿಡಿದೆ. "ಏ, ನೀರು ತಾಗೂಕಾಗ ಅಂದಿದ್ಯಲೆ!"

"ಇದು ಬೇರೆ ಅಜ್ಜಿ. ಒಣಗ್ತಾ ಒಣಗ್ತಾ ಬಿಗಿ ಆತದೆ. ನೋಡ್ತಾ ಇರು."

ನೋಡುತ್ತಾ ಕೂತೆವು. ಹುಲ್ಲಿನ ಚಾಪೆಯಿಂದ ಆಗತಾನೇ ಕೊಯ್ದ ಗದ್ದೆಯ ಹಾಗೆ ಪರಿಮಳ ಬರುತ್ತಿತ್ತು. ಸುಕ್ಕು ಒಂದೊಂದೇ ಸರಿಯುತ್ತ ಹೋಗಿ ಕಾಗದ ಡೋಲಿನ ಚರ್ಮದಷ್ಟು ಬಿಗಿಯಾಯಿತು. ಬಡಗಿ ಬಾಗಿಲನ್ನು ಎತ್ತಿ ಸಮುದ್ರದ ಕಡೆಯ ಕಿಟಕಿಯ ಮುಂದೆ ಕೂರಿಸಿದ.

ಬಾಯಿ ಬಂದದ್ದು ಸೂರ್ಯ ಸಮುದ್ರಕ್ಕೆ ಇಳಿಯುವಾಗ. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ನಿಂತರು. ಮೊಮ್ಮಗಳು ಬಾಗಿಲು ಸರಿಸಿ ಮುಚ್ಚಿದಳು. ಹೊರಗಿನ ಕೆಂಪು ಬಿಸಿಲು ಆ ಕಾಗದದಲ್ಲಿ ಸೋಸಿ ಒಳಗೆ ಬಂದಾಗ ಕೋಣೆ ಹಾಲಿನಲ್ಲಿ ಕುಂಕುಮ ಕದಡಿದ ಬಣ್ಣಕ್ಕೆ ತಿರುಗಿತು. ಬಾಯಿ ಬೆರಳಿನಿಂದ ಕಾಗದವನ್ನು ಮೆಲ್ಲಗೆ ತಟ್ಟಿದರು.

"ಉಳಿದ ಕೋಣೆ ಯಾವಾಗ ಸುರು ಮಾಡ್ತೀ?" ಎಂದರು.

ಅವರು ಹೋದದ್ದೇ ತಡ, ಮೊಮ್ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು. "ಹಸಿವಾತದೆ ಅಜ್ಜಿ!" ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಆ ಮಾತು ಬಂದದ್ದು. ಅನ್ನವಂತೂ ಬಾಗಿಲಿಗೆ ಹೋಗಿತ್ತು. ಮೂವರೂ ಬರೀ ಸಾರನ್ನೇ ಸುರಿದುಕೊಂಡು ಕುಡಿದೆವು, ಚಾಪೆಗೆ ತಾಗಬಾರದೆಂದು ಹೊರಗಿನ ಕೋಣೆಯಲ್ಲಿ ಕೂತು.

ಊರಿಗೆ ಬಂದ ಮೇಲೆ ನೆರೆಮನೆಯವಳು ಕೇಳಿದಳು, "ಜಪಾನಿನ ಹುಡುಗಿ ಬತ್ತದೆ ಅಂದಿದ್ರಿ?"

"ಬಂತು, ಉಂಡ್ತು. ಕಾರವಾರದಲ್ಲೇ ಉಳೀತು" ಎಂದೆ.