ಟವರ್ ಸಿಗದ ಗಾಡಿ

ನಾನೂ ನನ್ನ ಗಂಡನೂ ವಾರದ ಬಹುಪಾಲು ಗಾಡಿಯಲ್ಲೇ ಬದುಕುವವರು. ಹಳೆಯ ಮಿನಿ ಬಸ್ಸು ಅದು. ಸೀಟುಗಳನ್ನೆಲ್ಲ ಕಿತ್ತು ನಡುವೆ ಕಣ್ಣು ಪರೀಕ್ಷೆಯ ಮಷಿನ್ನು ಕೂರಿಸಿದ್ದಾರೆ. ಹಿಂದೆ ಒಂದು ಪರದೆ, ಪರದೆಯಾಚೆ ಹಲಗೆಯ ಮಂಚ, ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು. ಇವರು ಡ್ರೈವರ್, ನಾನು ಟೆಕ್ನಿಷಿಯನ್. ಗಾಡಿಯ ಮೇಲೆ ದೊಡ್ಡದಾಗಿ ಬರೆದಿರುವ ನಂಬರು ನಮ್ಮ ಫೋನಿನದು. ಸೋಮವಾರ ಕೊಟ್ಟೂರಿನ ಮನೆಗೆ ಬೀಗ ಹಾಕಿದರೆ ಶನಿವಾರ ಸಂಜೆಗೇ ವಾಪಸು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಸುತ್ತುತ್ತಾ, ಶಾಲೆಯ ಮುಂದೋ ಪಂಚಾಯ್ತಿ ಕಟ್ಟೆಯ ಹತ್ತಿರವೋ ಗಾಡಿ ನಿಲ್ಲಿಸಿ, ಬಂದವರ ಕಣ್ಣು ನೋಡುತ್ತೇವೆ.

ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಕಣ್ಣಿನೊಳಗಿನ ಪರದೆಯ, ಅಂದರೆ ರೆಟಿನಾದ ಫೋಟೋ ತೆಗೆಯುವುದು ನನ್ನ ಕೆಲಸ. ಆ ಫೋಟೋ ಇಂಟರ್ನೆಟ್ಟಿನಲ್ಲಿ ನಗರದ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಡಾಕ್ಟರಮ್ಮ ನೋಡಿ ಏನಾಗಿದೆ ಅಂತ ಹೇಳಬೇಕು. ಕೆಲಸಕ್ಕೆ ಸೇರುವಾಗ ನಮ್ಮ ಮ್ಯಾನೇಜರು, “ರೋಗಿ ಒಂದು ಕಪ್ಪು ಚಹಾ ಕುಡಿಯೋದ್ರಾಗ ಉತ್ತರ ಬಂದಿರ್ತೈತಿ” ಅಂದಿದ್ದರು. ಅವರು ಒಂದು ಸಲವಾದರೂ ಹಂಪಸಾಗರದ ಕಡೆ ಬಂದು ಆ ಚಹಾ ಕುಡಿಯಬೇಕಿತ್ತು.

ಅಲ್ಲಿ ಅಣೆಕಟ್ಟಿನ ಹಿನ್ನೀರಿನ ಹತ್ತಿರ ನಿಂತರೆ ಫೋನು ಆಚೆ ದಡದ ಟವರನ್ನು ಹಿಡಿಯುತ್ತದೆ. ಹಿಡಿದದ್ದೇ ಬಿಡುತ್ತದೆ. ಮತ್ತೆ ಈಚೆಯದನ್ನು ಹಿಡಿಯುತ್ತದೆ. ಫೋಟೋ ಕಳಿಸುವ ಪರದೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತಾ ಇರುತ್ತದೆ. ಹನಿ ಹಾಕಿಸಿಕೊಂಡವರು ಬೆಳಕು ತಾಳಲಾರದೆ ಟವೆಲು, ಸೆರಗು ಮುಖಕ್ಕೆ ಹೊದ್ದುಕೊಂಡು ಬೇವಿನ ನೆರಳಲ್ಲಿ ಕೂತಿರುತ್ತಾರೆ. “ಏನಂದ್ರವ್ವ ಡಾಕ್ಟ್ರು?” ಅಂತ ಕೇಳುತ್ತಾರೆ. “ಇನ್ನೂ ಹೋಗಿಲ್ಲ ಯಪ್ಪಾ” ಅನ್ನುತ್ತೇನೆ. “ಯಾರು ಹೋಗಿಲ್ಲ?” ಅನ್ನುತ್ತಾರೆ.

ಇವರು ಮಾಡದ ಉಪಾಯವಿಲ್ಲ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ತೆಗೆಯುವುದು, ಸಿಮ್ಮು ಬಿಚ್ಚಿ ಒರೆಸಿ ಹಾಕುವುದು, ಬೇರೆ ಬೇರೆ ಕಂಪನಿಯ ಎರಡು ಸಿಮ್ಮು ಇಟ್ಟುಕೊಳ್ಳುವುದು. ಗಾಡಿಯ ಟಾಪ್ ಮೇಲೆ ಹತ್ತಿ ಕೈ ಎತ್ತಿ ನಿಲ್ಲುವುದು ಕೂಡ. ಹಡಗಲಿ ತಾಲ್ಲೂಕಿನ ಒಂದು ಊರಿನಲ್ಲಿ ಮಲ್ಲಿಗೆ ತೋಟಕ್ಕೆ ಹೊರಟಿದ್ದ ಹೆಂಗಸರು ಇವರನ್ನು ನೋಡಿ, “ಯಾಕ್ರೀ ಅಣ್ಣ, ಮಳಿ ಕರಿಯಾಕ್ಹತ್ತೀರೇನು?” ಅಂತ ಕೇಳಿ ನಕ್ಕರು. ಇವರೂ ನಕ್ಕರು. ನನಗೆ ನಗು ಬರಲಿಲ್ಲ, ಒಳಗೆ ಹನಿ ಹಾಕಿಸಿಕೊಂಡವರು ಸಾಲಾಗಿ ಕೂತಿದ್ದರು.

ಗಾಡಿಯೇ ಸಿಗ್ನಲ್ ತಿನ್ನುತ್ತಿದೆ ಅಂತ ನಮಗೆ ತಿಳಿಯಲು ಬಹಳ ದಿನ ಬೇಕಾಯಿತು. ಹೊರಗೆ ಎರಡು ಕಡ್ಡಿ ತೋರಿಸುವ ಫೋನು ಬಾಗಿಲು ದಾಟಿ ಒಳಗೆ ಬಂದರೆ ಖಾಲಿ. ಸುತ್ತಲೂ ತಗಡು, ಮೇಲೂ ತಗಡು. ಡಬ್ಬಿಯೊಳಗೆ ಕೂತು ಫೋನು ಮಾಡಿದ ಹಾಗೆ. ಆಮೇಲೆ ಇವರು ಇಂಟರ್ನೆಟ್ಟಿನ ರೂಟರನ್ನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಉದ್ದನೆಯ ಬಿದಿರಿನ ಗಳಕ್ಕೆ ಕಟ್ಟಿ, ಕಿಟಕಿಯಿಂದ ವೈರು ಎಳೆದು ಹೊರಗೆ ನಿಲ್ಲಿಸತೊಡಗಿದರು. ಅದರಿಂದ ಸ್ವಲ್ಪ ಗುಣ ಕಂಡಿತು. ಆದರೆ ಗಾಳಿ ಬಂದರೆ ಗಳ ವಾಲುತ್ತಿತ್ತು, ಗಳ ವಾಲಿದರೆ ಫೋಟೋ ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಕಡೆ ಗಾಳಿಗೇನು ಬರವೇ?

ಮ್ಯಾನೇಜರಿಗೆ ದಿನಾ ದೂರು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಕಡೆಗೆ ಅವರು ಎಲ್ಲಿಂದಲೋ ಸಿಗ್ನಲ್ ಹೆಚ್ಚಿಸುವ ಒಂದು ಬೂಸ್ಟರ್ ತರಿಸಿ ಕಳಿಸಿದರು. ಗಾಡಿಯ ಮೇಲೆ ಆಂಟೆನಾ, ಒಳಗೆ ಒಂದು ಕಪ್ಪು ಪೆಟ್ಟಿಗೆ. ಹಾಕಿದ ದಿನ ಕಡ್ಡಿ ತುಂಬಿ ನಿಂತದ್ದು ನೋಡಿ ನಾನು ಇವರಿಗೆ ಅವಲಕ್ಕಿ ಒಗ್ಗರಣೆ ಮಾಡಿ ಕೊಟ್ಟೆ. ಅಷ್ಟು ಖುಷಿಯಾಗಿತ್ತು.

ಆ ಖುಷಿ ಒಂದು ವಾರವೂ ಉಳಿಯಲಿಲ್ಲ. ಹರಪನಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ಗಾಡಿ ನಿಲ್ಲಿಸಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹತ್ತಾರು ಜನ ಕೈಯಲ್ಲಿ ಖಾಲಿ ಚೀಲ ಹಿಡಿದು ಬಂದರು. ಕಣ್ಣು ತೋರಿಸಲು ಬಂದಿದ್ದಾರೆ ಅಂದುಕೊಂಡು ನಾನು ಚೀಟಿ ತೆಗೆದೆ. ಮುಂದಿದ್ದ ಹೆಂಗಸು ಕೈ ಬೀಸಿ ನನ್ನನ್ನು ತಡೆದಳು.

“ಚೀಟಿ ಅಲ್ರೀ. ನಿಮ್ಮ ಗಾಡಿ ಬಂದಾಗಿಂದ ನಮ್ಮೂರಾಗ ಒಂದು ಫೋನೂ ಹತ್ತವಲ್ದು. ರೇಷನ್ ಅಂಗಡ್ಯಾಗ ಹೆಬ್ಬೆಟ್ಟಿನ ಮಷಿನ್ ನಿಂತೈತಿ. ಮುಂಜಾನಿಂದ ಕೂಲಿ ಬಿಟ್ಟು ಪಾಳಿ ಹಚ್ಚೀವಿ.”

“ನಮ್ಮ ಗಾಡಿಗೂ ನಿಮ್ಮ ಫೋನಿಗೂ ಏನವ್ವ ಸಂಬಂಧ?” ಅಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಸಂಜೆ ಫೋನು ಕಂಪನಿಯ ಕಡೆಯಿಂದ ಒಬ್ಬ ಎಂಜಿನಿಯರ್ ಬೈಕಿನಲ್ಲಿ ಬಂದರು. ಗಾಡಿಯ ಮೇಲಿನ ಆಂಟೆನಾ ನೋಡಿದ್ದೇ ತಲೆ ಅಲ್ಲಾಡಿಸಿದರು. “ಇದನ್ನ ಹಾಕಂಗಿಲ್ರೀ, ಕಾನೂನಿನಾಗ ಇಲ್ಲ. ಎಲ್ಲಾರೂ ಮಾತಾಡೋ ಕಡೆ ನೀವೊಬ್ರು ಮೈಕ್ ಹಚ್ಚಿ ಕೂಗಿದ್ರ ಟವರಿಗೆ ಉಳಿದೋರ ಮಾತು ಹೆಂಗ ಕೇಳಬೇಕು?” ಅಂದರು. ಇವರು ಗಾಡಿಯ ಮೇಲೆ ಹತ್ತಿ ಆಂಟೆನಾ ಬಿಚ್ಚಿದರು. ಮ್ಯಾನೇಜರಿಗೆ ಫೋನು ಮಾಡಿದರೆ, “ನಾನು ಹಾಕ್ರಿ ಅಂದ್ರ ನೀವು ವಿಚಾರ ಮಾಡಬೇಕಿತ್ತಲ್ಲ” ಅಂತ ನಮಗೇ ಬೈದರು. ಫೋನಿಟ್ಟ ಮೇಲೆ ನಾನು ಪರದೆಯ ಹಿಂದೆ ಹೋಗಿ ಪಾತ್ರೆಗಳನ್ನು ದಡದಡ ಬಡಿದೆ. ಬಿದಿರಿನ ಗಳ ಮತ್ತೆ ಹೊರಗೆ ಬಂತು.

ಇದಾಗಿ ಕೆಲವು ವಾರಗಳಿಗೆ ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಗೆ ಹೋದೆವು. ಅಲ್ಲಿ ಒಂದು ಮನೆಯಿಂದ ಅತ್ತೆ, ಸೊಸೆ, ಮಗ ಮೂವರೂ ಬಂದರು. ಅತ್ತೆ ಕಂಬಳಿಗೆ ಉಣ್ಣೆ ನೂಲುವವಳು, ಗಟ್ಟಿ ಹೆಂಗಸು. ಕೂತ ಕೂಡಲೇ ನೇರವಾಗಿ ವಿಷಯಕ್ಕೆ ಬಂದಳು.

“ಬಲಗಣ್ಣಾಗ ಮಿಂಚು ಹೊಡಿತಿತ್ತವ್ವ. ನಿನ್ನಿಂದ ಒಂದು ಕಡಿಗೆ ಕರೇ ಪಡದಿ ಇಳಿಬಿಟ್ಟಂಗ ಆಗೈತಿ. ನೂಲು ಅರ್ಧ ಕಾಣತೈತಿ, ಅರ್ಧ ಇಲ್ಲ.”

ಹನಿ ಹಾಕಿ ಫೋಟೋ ತೆಗೆದೆ. ಒಳಗಿನ ಪರದೆ ಒಂದು ಕಡೆ ಬೂದು ಬಣ್ಣಕ್ಕೆ ತಿರುಗಿ, ಒದ್ದೆ ಬಟ್ಟೆಯ ಹಾಗೆ ಮಡಿಕೆ ಬಿದ್ದು ಎದ್ದಿತ್ತು. ಪರದೆ ಕಳಚುತ್ತಿದೆ ಅಂತ ನನಗೆ ಅನ್ನಿಸಿತು. ಹಾಗಾಗಿದ್ದರೆ ಗಂಟೆ ಗಂಟೆಗೂ ಬೆಲೆ ಇದೆ. ಆದರೆ ನಾನು ಡಾಕ್ಟರಲ್ಲ. “ಯವ್ವಾ, ಇವತ್ತ ದೊಡ್ಡ ಆಸ್ಪತ್ರಿಗೆ ಹೋಗೋದು ಚಲೋ” ಅಂದೆ.

ಮಗ ತಲೆ ತುರಿಸಿಕೊಂಡ. “ಹೋದ ವರ್ಷನೂ ಯಾವುದೋ ಗಾಡಿಯವ್ರು ಬಂದು ಹಿಂಗ ಹೇಳಿದ್ರಕ್ಕ. ಹೋದ್ವಿ. ಏನೂ ಆಗಿಲ್ಲ ಅಂತ ವಾಪಸ್ ಕಳಿಸಿದ್ರು. ಡಾಕ್ಟ್ರು ಬಾಯಾಗ ಒಂದು ಮಾತು ಕೇಳಿಸ್ರಿ, ಈಗಿಂದೀಗ ಹೊಂಡತೀವಿ.” ತಾಯಿಯೂ ಹೂಂಗುಟ್ಟಿದಳು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಡಾಕ್ಟರ ಮಾತು ಕೇಳಿಸುತ್ತೇವೆ ಅಂತಲೇ ಅಲ್ಲವೇ ನಾವು ಊರೂರು ತಿರುಗುವುದು?

ಫೋನು ನೋಡಿದರೆ ಒಂದು ಕಡ್ಡಿಯೂ ಇಲ್ಲ. ಗಳ ನೆಟ್ಟರೂ ಇಲ್ಲ, ಎರಡನೆಯ ಸಿಮ್ಮಿನಲ್ಲೂ ಇಲ್ಲ. ಇವರು ಸ್ಟೇರಿಂಗ್ ಹಿಡಿದು ಕೂತು ಹೇಳಿದರು. “ಇಲ್ಲಿ ಕುಂತು ಏನ್ ಮಾಡಾಕಾಗತೈತಿ? ಈ ಮೂವರನ್ನೂ ಹತ್ತಿಸಿಕೊ. ಎಲ್ಲಿ ಸಿಗತೈತೋ ಅಲ್ಲೀಮಟ ಹೋಗೂಣು.”

ಉಳಿದ ರೋಗಿಗಳಿಗೆ ನಾಳೆ ಬರುತ್ತೇವೆ ಅಂತ ಹೇಳಿ, ಆ ತಾಯಿಯನ್ನು ನಮ್ಮ ಮಂಚದ ಮೇಲೆ ಮಲಗಿಸಿ ಹೊರಟೆವು. ಸೊಸೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮಗ ಬಾಗಿಲಲ್ಲಿ ನಿಂತು ಫೋನು ಹಿಡಿದುಕೊಂಡು, “ಬಂತು… ಹೋತು… ಬಂತು… ಹೋತು” ಅಂತ ಹೇಳುತ್ತಾ ಬಂದ. ಶೇಂಗಾ ಹೊಲಗಳ ನಡುವಿನ ದಾರಿ ದಾಟಿ, ಹಳೆಯ ಕಲ್ಲು ಕ್ವಾರಿಯ ಪಕ್ಕದ ದಿಬ್ಬ ಹತ್ತಿದಾಗ ಅವನು ಕೂಗಿದ. “ನಿಲ್ಲಸ್ರಿ! ಒಂದು ಕಡ್ಡಿ ಐತಿ!”

ನಿಲ್ಲಿಸಿದೆವು. ಗಳ ನೆಟ್ಟೆವು. ಫೋಟೋ ಹೊರಟಿತು. ಮುಕ್ಕಾಲು ಹೋಗಿ ನಿಂತಿತು. ಮತ್ತೆ ಮೊದಲಿಂದ ಕಳಿಸಿದೆ, ಮತ್ತೆ ಅಲ್ಲೇ ನಿಂತಿತು. ಮೂರನೆಯ ಸಲ ನಿಂತಾಗ ನನಗೆ ತಡೆಯಲಾಗಲಿಲ್ಲ. “ಸುಡುಗಾಡು ಫೋನು!” ಅಂತ ಕಿರುಚಿ ಅದನ್ನು ಹಾಸಿಗೆಯ ಮೇಲೆ ಎಸೆದೆ. ಅದು ಪಾಪ ಆ ತಾಯಿಯ ಕಾಲಿಗೆ ಬಡಿಯಿತು.

“ಬೈಬ್ಯಾಡವ್ವ. ಅದಕ್ಕೇನು ಕಣ್ಣು ಐತೇನು?” ಅಂದಳು ಆಕೆ, ಮಲಗಿದಲ್ಲಿಂದಲೇ. ನಾನು ಫೋನನ್ನು ಮತ್ತೆ ಕೈಗೆತ್ತಿಕೊಂಡೆ.

ಆಗ ಹೊಳೆಯಿತು. ಮಷಿನ್ನಿನ ಫೋಟೋ ಬಹಳ ಭಾರದ್ದು. ಅದೇ ಫೋಟೋವನ್ನು ಮಷಿನ್ನಿನ ಪರದೆಯ ಮೇಲೆ ತೋರಿಸಿ, ನನ್ನ ಫೋನಿನಲ್ಲಿ ಅದರದೇ ಇನ್ನೊಂದು ಫೋಟೋ ಹೊಡೆದು, ಸಣ್ಣದು ಮಾಡಿ ಮೆಸೇಜಿನಲ್ಲಿ ಹಾಕಿದೆ. ಇವರು ಅದನ್ನು ತೆಗೆದುಕೊಂಡು ಟಾಪ್ ಹತ್ತಿದರು. ಕೆಳಗೆ ನಿಂತ ನಮಗೆ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ “ಹೋತಲೇ!” ಅಂದರು.

ಡಾಕ್ಟರಮ್ಮನ ಫೋನು ಬೇಗನೆ ಬಂತು. ಇವರು ಮೇಲಿನಿಂದಲೇ ಸ್ಪೀಕರ್ ಹಾಕಿ ಕೆಳಗೆ ಚಾಚಿ ಹಿಡಿದರು. “ಹಲೋ… ಕೇಳ್ತಿದೆಯಾ… ಪೇಶೆಂಟನ್ನ… ಇವತ್ತೇ…” ಅಷ್ಟೇ. ಕಟ್ಟಾಯಿತು.

“ಇವತ್ತ ಏನಂತ?” ಅಂದ ಮಗ.

ನಾನು ಉತ್ತರ ಹೇಳಬಹುದಿತ್ತು. ಆದರೆ ಅವನು ಕೇಳಲು ಬಂದದ್ದು ನನ್ನ ಮಾತಲ್ಲ. ಮತ್ತೆ ಮತ್ತೆ ಹಚ್ಚಿದೆವು, ಹತ್ತಲಿಲ್ಲ. ಅಷ್ಟರಲ್ಲಿ ಟಣ್ ಅಂತ ಸದ್ದಾಯಿತು. ಡಾಕ್ಟರಮ್ಮ ಬುದ್ಧಿವಂತೆ, ಕಾಲ್ ನಿಲ್ಲುವುದಿಲ್ಲ ಅಂತ ಗೊತ್ತಾಗಿ ಮೆಸೇಜು ಬರೆದಿದ್ದರು. ಮಗನೇ ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದ. “ಕಣ್ಣಿನ ಪರದೆ ಕಳಚಿದೆ. ಇವತ್ತೇ ಕರೆದುಕೊಂಡು ಬನ್ನಿ. ತಲೆ ಹೆಚ್ಚು ಅಲುಗಾಡಬಾರದು. ನಾನು ಕಾದಿರುತ್ತೇನೆ.” ಓದಿ ಮುಗಿಸಿ ಇವರ ಕಡೆ ನೋಡಿದ. “ನೀವ ಅಲ್ಲೀಮಟ ಬಿಡ್ತೀರೇನ್ರಿ ಅಣ್ಣ?”

ಮ್ಯಾನೇಜರ ಅನುಮತಿ ಕೇಳಬೇಕಿತ್ತು. ಕೇಳಲು ಟವರ್ ಎಲ್ಲಿತ್ತು? ಇವರು ಗಾಡಿ ಚಾಲೂ ಮಾಡಿದರು. ಗುಂಡಿಗಳಲ್ಲಿ ಎತ್ತಿನಗಾಡಿಯ ಹಾಗೆ ನಿಧಾನ ಹೊಡೆದರು. ಹೈವೇಗೆ ಬಂದು ಸೇರಿದ್ದೇ ತಡ, ನನ್ನ ಕೈಯಲ್ಲಿದ್ದ ಫೋನಿನಲ್ಲಿ ಕಡ್ಡಿ ತುಂಬಿತು. ಆ ದಿಬ್ಬದ ಮೇಲೆ ಹೋಗಲೊಲ್ಲದ ಭಾರದ ಫೋಟೋ ತಾನೇ ಹೊರಟು, ಒಂದಲ್ಲ, ಮೂರು ಸಲ ಹೋಯಿತು. ಕಿಟಕಿಯಿಂದ ಫೋನು ಬಿಸಾಡಬೇಕು ಅನ್ನಿಸಿತು.

ನಗರದ ಆಸ್ಪತ್ರೆ ಮುಟ್ಟಿದ ಕೂಡಲೇ ಆಪರೇಷನ್ನಿಗೆ ತಯಾರಿ ನಡೆಯಿತು. ಅತ್ತೆಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಸೊಸೆ ನನ್ನ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಅವಳೇ ಹೇಳಿದಳು. “ಅಕ್ಕಾ, ಮಿಂಚು ಹೊಡಿಯಾಕ್ಹತ್ತಿದ್ದು ಹೋದ ವಾರನ. ಹಿಂದ ನೀವು ಪಕ್ಕದೂರಿಗೆ ಬಂದಾಗ ಗಾಡಿ ಮ್ಯಾಲಿನ ನಂಬರು ಬರಕೊಂಡಿದ್ನಿ, ಅದಕ್ಕ ಎರಡು ಮೂರು ಸಲ ಹಚ್ಚಿದ್ನಿ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಅಂತಿತ್ತು.”

ಆ ವಾರ ನಾವು ಹಂಪಸಾಗರದ ಕಡೆ ಇದ್ದೆವು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟೆಲ್ಲ ನನ್ನಲ್ಲಿತ್ತು. ಯಾರ ಮೇಲೆ ಅಂತ ಕೇಳಿದರೆ ಇವತ್ತಿಗೂ ಗೊತ್ತಿಲ್ಲ. ಟವರು ಹಾಕದವರ ಮೇಲೋ, ತಗಡಿನ ಗಾಡಿಯ ಮೇಲೋ, ಚಹಾ ಕುಡಿಯುವಷ್ಟರಲ್ಲಿ ಉತ್ತರ ಅಂದ ಮ್ಯಾನೇಜರ ಮೇಲೋ. ಡಾಕ್ಟರಮ್ಮ ಹೊರಗೆ ಬಂದು, “ಕಣ್ಣು ಉಳೀತು. ಮೊದಲಿನಷ್ಟು ಚೆನ್ನಾಗಿ ಕಾಣಲ್ಲ. ಮಿಂಚು ಕಂಡಾಗಲೇ ಬಂದಿದ್ದರೆ ಇಷ್ಟಾಗ್ತಿರಲಿಲ್ಲ” ಅಂದರು. ಸೊಸೆ ತಲೆ ತಗ್ಗಿಸಿದಳು. ನಾನು ತಕ್ಷಣ, “ಅವಳು ಫೋನು ಮಾಡಿದ್ದಳು ಡಾಕ್ಟ್ರೇ. ನಮಗೇ ಹತ್ತಲಿಲ್ಲ” ಅಂದೆ. ಅದೊಂದು ಮಾತನ್ನು ಅಲ್ಲೇ, ಎಲ್ಲರ ಎದುರಿಗೆ ಹೇಳಬೇಕಿತ್ತು.

ಆಮೇಲೆ ಮ್ಯಾನೇಜರ ಮುಂದೆ ನಾನು ಕೂತು ಜಗಳವನ್ನೇ ಮಾಡಿದೆ. ಗಾಡಿಯ ಮೇಲಿನ ನಂಬರಿನ ಫೋನು ಈಗ ಆಸ್ಪತ್ರೆಯಲ್ಲೇ ಇದೆ, ಯಾರಾದರೂ ಎತ್ತುತ್ತಾರೆ. ರೂಟರಿಗೆ ಹೊರಗೆ ಹಾಕುವ ಆಂಟೆನಾ ಕೊಡಿಸಿದ್ದಾರೆ. ಇದು ಕಾನೂನಿನೊಳಗಿನದು, ಅದೇ ಎಂಜಿನಿಯರನ್ನು ಕೇಳಿಯೇ ತಂದದ್ದು. ಇವರು ಅದಕ್ಕೆ ಮಡಚಿಡುವಂಥ ಕಬ್ಬಿಣದ ಪೈಪು ಬೆಸುಗೆ ಹಾಕಿಸಿದ್ದಾರೆ. ಟವರು ಇರುವ ದಿಕ್ಕಿಗೆ ತಿರುಗಿಸಿಟ್ಟರೆ ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಪರವಾಗಿಲ್ಲ. ಹಿನ್ನೀರಿನ ಕಡೆ ಈಗಲೂ ಅದೇ ಗೋಳು.

ನೂಲುವ ತಾಯಿ ತಪಾಸಣೆಗೆ ಬಂದಿದ್ದಳು. ದೊಡ್ಡ ಅಕ್ಷರದ ಸಾಲುಗಳನ್ನು ಗುರುತಿಸಿದಳು, ಸಣ್ಣವಕ್ಕೆ ತಡವರಿಸಿದಳು. “ನೂಲಿನ ಎಳಿ ಡೊಂಕಾಗಿ ಕಾಣತಾವವ್ವ. ಆದ್ರ ಕೈಗೆ ಗೊತ್ತೈತಿ” ಅಂದಳು.

ಮೊನ್ನೆ ಹಡಗಲಿ ಕಡೆ ಒಂದು ಊರಿನಲ್ಲಿ ಆಂಟೆನಾ ನಿಲ್ಲಿಸಿದ ಕೂಡಲೇ ಸಿಗ್ನಲ್ ಬಂತು. ಎರಡು ಫೋಟೋ ಹೋದವು. ಮೂರನೆಯದಕ್ಕೆ ಎಲ್ಲ ನಿಂತಿತು. ಇವರು ಎದುರಿನ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದರು. “ಕರೆಂಟ್ ಹೋಗೈತಂತ. ಇಲ್ಲಿ ಕರೆಂಟ್ ಹೋದ್ರ ಟವರೂ ಹೋಗತೈತಂತ.”

“ಯಾವಾಗ ಬರತೈತಂತ?”

“ಅದನ್ನ ಯಾರಿಗೆ ಕೇಳೋದು? ಕೇಳಾಕ ಫೋನ್ ಹತ್ತಬೇಕಲ್ಲ.”

ಹನಿ ಹಾಕಿಸಿಕೊಂಡ ಒಬ್ಬ ಅಜ್ಜ ಒಳಗೆ ಕೂತಿದ್ದರು. ಅವರನ್ನು ಮಂಚದ ಮೇಲೆ ಕೂರಿಸಿ, ಬಾಗಿಲು ಹಾಕಿ, ಆಂಟೆನಾ ಮಡಚಿ, ಟವರು ಹುಡುಕಿಕೊಂಡು ಪಕ್ಕದ ಊರಿನ ದಾರಿ ಹಿಡಿದೆವು.