ಸತ್ತವರು ಎದ್ದು ಹಾಡುವ ಮಂಗಳ

ನಾಟಕದ ಮಾಸ್ತರರ ತುಟಿಗಳು ಎಂದೂ ಸುಮ್ಮನಿರುತ್ತಿರಲಿಲ್ಲ. ಎಲೆ ಅಡಿಕೆ ತಿಂದು ಕಪ್ಪಿಟ್ಟ ಆ ದಪ್ಪ ತುಟಿಗಳು ಹುಮನಾಬಾದಿನ ಬಜಾರಿನಲ್ಲಿ ಬದನೆಕಾಯಿ ಆರಿಸುವಾಗಲೂ, ಕ್ಷೌರಕ್ಕೆ ಗದ್ದ ಎತ್ತಿ ಕೂತಾಗಲೂ ಸದ್ದಿಲ್ಲದೆ ಅಲುಗುತ್ತಿದ್ದವು. ರಾಜನ ಮಾತು, ರಾಣಿಯ ಮಾತು, ಚಾವಿ ಕಳೆದುಕೊಂಡ ಸೇವಕನ ಮಾತು ಎಲ್ಲವೂ ಅಲ್ಲಿ ಓಡುತ್ತಿದ್ದವು. ಪರ ಊರಿನವರು ಯಾರೋ ಜಪ ಮಾಡುತ್ತಿದ್ದಾರೆಂದು ತಿಳಿದು ಕೈ ಮುಗಿಯುತ್ತಿದ್ದರು. ಮಾಸ್ತರರು ತಾವೂ ಕೈ ಮುಗಿದು ಮುಂದೆ ಹೋಗುತ್ತಿದ್ದರು.

ನಮ್ಮ ಅರಿವೆ ಅಂಗಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಸುಗ್ಗಿ ಮುಗಿಯಿತೆಂದರೆ ಘಾಟಬೋರಾಳದಿಂದ, ನಿರ್ಣಾದಿಂದ ರೈತರು ಆಟ ಕಲಿಸಲೆಂದು ಅವರನ್ನು ಕರೆಯಲು ಬರುತ್ತಿದ್ದರು. ಕಲಿಯುವವರಲ್ಲಿ ಅಕ್ಷರ ಬಲ್ಲವರು ಒಬ್ಬರೋ ಇಬ್ಬರೋ. ಹಾಗಾಗಿ ಮಾಸ್ತರರು ಕುಂಟೆ ಹೊಡೆಯುವವನ ಹಿಂದೆ ಹೊಲದ ಆ ತುದಿಯಿಂದ ಈ ತುದಿಗೆ ನಡೆಯುತ್ತ ಮಾತು ಹೇಳಿಕೊಡುತ್ತಿದ್ದರು. ಒಂದು ಸಾಲಿಗೆ ಒಂದು ಮಾತು. ಎತ್ತು ತಿರುಗುವಷ್ಟರಲ್ಲಿ ಅದು ಬಾಯಿಗೆ ಬಂದಿರಬೇಕು. ಘಾಟಬೋರಾಳದಲ್ಲಿ ರಾಜನ ಪಾತ್ರ ಮಾಡುವ ರೈತ ಸಿಂಹಾಸನದ ಮೇಲೆ ಕೂತು ಮಾತು ಮರೆತರೆ ಎದ್ದು ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಮಾತು ತಾನಾಗಿ ಬರುತ್ತಿತ್ತು. ಜನ ಅದನ್ನೇ ರಾಜಗಾಂಭೀರ್ಯ ಎಂದುಕೊಂಡಿದ್ದರು.

ಅವರ ಆಟಗಳಿಗೆಲ್ಲ ಒಂದೇ ಮುಕ್ತಾಯ. ಕೊಂದವನು, ಸತ್ತವನು, ಅತ್ತವಳು ಎಲ್ಲರೂ ಸಾಲಾಗಿ ನಿಂತು ಮಂಗಳ ಹಾಡಬೇಕು. ಸತ್ತವನು ಮೈಮೇಲಿನ ಮಣ್ಣು ಝಾಡಿಸಿಕೊಂಡು ಎದ್ದು ಬರುತ್ತಿದ್ದ.

ನಾನು ಆಗ ಹೈದರಾಬಾದಿನಲ್ಲಿ ಬಿ.ಎ. ಎರಡನೇ ವರ್ಷ. ವಿಶ್ವವಿದ್ಯಾಲಯದಲ್ಲಿ ನಾಟಕವೇ ನನ್ನ ಮುಖ್ಯ ಓದು. ದೊಡ್ಡ ನಾಟಕವೆಂದರೆ ನಾಯಕನ ಪತನದಲ್ಲಿ ಮುಗಿಯುವುದು ಎಂದು ಪ್ರೊಫೆಸರರು ಹೇಳಿದ್ದನ್ನು ಬರೆದುಕೊಂಡು ಬಂದು, ಬೇಸಿಗೆ ರಜೆಯಲ್ಲಿ ಮಾಸ್ತರರ ಮುಂದೆ ಒದರಿದೆ. ನಿಮ್ಮದು ನಾಟಕವೇ ಅಲ್ಲ, ಸತ್ತವನು ಎದ್ದು ಹಾಡಿದರೆ ಸಾವಿಗೇನು ಬೆಲೆ ಎಂದೆ. ಅವರು ಎಲೆಗೆ ಸುಣ್ಣ ಸವರುತ್ತ ನಕ್ಕರು.

“ಅಂವಾ ಏಳಲಿಲ್ಲಂದ್ರ ಮಂದಿ ಮನಿಗಿ ಹ್ಯಾಂಗ ಹೋಗಬೇಕೋ ತಮ್ಮಾ? ಅಂವನ ಹೇಣ್ತಿ ಮುಂದ ಕುಂತಿರ್ತಾಳ.”

ಇದು ಉತ್ತರವೇ ಅಲ್ಲ ಅನ್ನಿಸಿತು. ನನಗಾಗ ಇಪ್ಪತ್ತು ವರ್ಷ. ತಲೆಯಲ್ಲಿ ಪುಸ್ತಕದ ಗಾಳಿ ತುಂಬಿತ್ತು.

ಆ ವರ್ಷ ಘಾಟಬೋರಾಳದ ಮೇಳಕ್ಕೆ ಕಲ್ಯಾಣಿಯಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಆಟ ಆಡುವ ಆಹ್ವಾನ ಬಂದಿತ್ತು. ನಿಜಾಮರ ಕಾಲ. ಪರವಾನಗಿ ಬೇಕಾದರೆ ಇಡೀ ಆಟವನ್ನು ಉರ್ದುವಿಗೆ ಇಳಿಸಿ ಠಾಣೆಯ ಅಧಿಕಾರಿಯಾದ ಪೊಲೀಸ್ ಅಮೀನರಿಗೆ ಕೊಡಬೇಕಿತ್ತು. ಮಾಸ್ತರರಿಗೆ ಬಜಾರಿನ ಉರ್ದು ಚೆನ್ನಾಗಿ ತಿಳಿಯುತ್ತಿತ್ತು; ಬರೆಯಲು ಓದಲು ಬಾರದು. ಕನ್ನಡದ ಹಸ್ತಪ್ರತಿಯನ್ನು ನನ್ನ ಕೈಗಿಟ್ಟು, ನೀನು ಕಲಿತವನು, ಬರೆದುಕೊಡು ಎಂದರು.

ಸುಳ್ಳು ನ್ಯಾಯ ಹೇಳಿದ ರಾಜನೊಬ್ಬ ಕೊನೆಗೆ ಪ್ರಜೆಗಳ ಕ್ಷಮೆ ಕೇಳುವ ಆಟ ಅದು. ನಾನು ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡು ಬಂದೆ. ಕೊನೆಯ ಅಂಕಕ್ಕೆ ಬಂದಾಗ ಮಾತ್ರ ಕೈ ತಡೆಯಲಿಲ್ಲ. ಮಂಗಳ ತೆಗೆದುಹಾಕಿದೆ. ಪ್ರಜೆಗಳು ರಾಜನನ್ನು ಸಿಂಹಾಸನದಿಂದ ಎಳೆದು ಕೊಲ್ಲುತ್ತಾರೆ; ಸಾಯುತ್ತ ಅವನು ಒಂದೂವರೆ ಪುಟ ಮಾತಾಡುತ್ತಾನೆ. ಕಚೇರಿಯಲ್ಲಿ ಇದನ್ನೆಲ್ಲ ಯಾರು ಓದುತ್ತಾರೆ, ಮೊಹರಿನ ಸಿಕ್ಕಾ ಹೊಡೆದು ಕಪಾಟಿಗೆ ಎಸೆಯುತ್ತಾರೆ, ನನ್ನದೂ ಒಂದು ದುರಂತ ನಾಟಕ ಈ ನಾಡಿನ ಕಪಾಟಿನಲ್ಲಿ ಇರಲಿ ಎಂಬ ಹುಚ್ಚು. ರಾಜನ ರಾಜ್ಯದಲ್ಲಿ ಕೂತು ರಾಜನನ್ನು ಕೊಲ್ಲುವ ಆಟಕ್ಕೆ ರಾಜನ ಪೊಲೀಸರಲ್ಲೇ ಪರವಾನಗಿ ಕೇಳಿದ ಮೂರ್ಖ ನಾನೊಬ್ಬನೇ ಇರಬೇಕು.

ಅಮೀನ ಸಾಹೇಬರು ಓದಿದ್ದರು. ಪ್ರತಿ ಸಾಲನ್ನೂ ಓದಿದ್ದರು.

ನಮ್ಮಿಬ್ಬರನ್ನೂ ಕಲ್ಯಾಣಿಗೆ ಕರೆಸಿದರು. ಬಿ.ಎ. ಹುಡುಗನೆಂದು ನನಗೆ ಕುರ್ಚಿ ಕೊಟ್ಟರು, ಮಾಸ್ತರರು ನಿಂತಿದ್ದರು. ಸಾಹೇಬರು ಕನ್ನಡಕ ಏರಿಸಿ ಕೊನೆಯ ಅಂಕವನ್ನು ಗಟ್ಟಿಯಾಗಿ ಓದತೊಡಗಿದರು. ಪಕ್ಕಕ್ಕೆ ನೋಡಿದೆ. ಮಾಸ್ತರರ ತುಟಿಗಳು ನಿಂತಿದ್ದವು. ಅವು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ತಮ್ಮದಲ್ಲದ ಮಾತನ್ನು ಅವರು ತಮ್ಮ ಆಟದಲ್ಲಿ ಕೇಳುತ್ತಿದ್ದರು.

ಇದು ಯಾರ ಆಟ ಎಂದು ಸಾಹೇಬರು ಕೇಳಿದರು. ನಾನು ಬಾಯಿ ತೆರೆಯಬೇಕಿತ್ತು. ತೆರೆದೆನೋ ಇಲ್ಲವೋ ಇಂದಿಗೂ ನೆನಪಿಲ್ಲ, ದನಿಯಂತೂ ಹೊರಡಲಿಲ್ಲ. ಮಾಸ್ತರರು ಒಮ್ಮೆ ನನ್ನತ್ತ ನೋಡಿದರು. ಸಿಟ್ಟಿನ ನೋಟವಲ್ಲ. ತಾಲೀಮಿನಲ್ಲಿ ಮಾತು ಮರೆತವನನ್ನು ನೋಡುವ ಹಾಗೆ ನೋಡಿದರು.

“ಆಟ ನಂದ್ರಿ ಸಾಹೇಬ್ರ. ಹುಡುಗ ನಾ ಹೇಳಿದ್ದಷ್ಟ ಬರದಾನ. ಓದೋ ಹುಡುಗ ಅದಾನ, ಬಿಡ್ರಿ ಅವಗ.”

ಸಾಹೇಬರು ಕೆಟ್ಟವರಲ್ಲ. ವಯಸ್ಸು ನೋಡಿ ಜೈಲಿಗೆ ಕಳಿಸುವುದಿಲ್ಲ, ಆದರೆ ಇನ್ನು ಮೇಲೆ ಆಟ ಆಡಿಸುವುದಿಲ್ಲ, ಕಲಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು ಎಂದರು. ಗುಮಾಸ್ತ ಊಟಕ್ಕೆ ಹೋಗಿದ್ದ. ಅವರು ಕಾಗದವನ್ನು ನನ್ನ ಮುಂದೆ ಸರಿಸಿ, ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರೆ ಎಂದರು.

ನಾನು ಬರೆದೆ. ಆಟವನ್ನು ಬರೆದ ಅದೇ ಕೈಯಿಂದ, ಅದೇ ಓರಣದ ಅಕ್ಷರಗಳಲ್ಲಿ. ಮಾಸ್ತರರು ಏನು ಬರೆದೆ ಎಂದು ಕೇಳದೆ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು.

ಹುಮನಾಬಾದಿಗೆ ಮರಳುವ ಮೋಟಾರಿನಲ್ಲಿ ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇಳಿಯುವಾಗ ಪರೀಕ್ಷೆ ಯಾವಾಗ ಎಂದಷ್ಟೇ ಕೇಳಿದರು.

ಆಮೇಲೆ ಅವರು ದರ್ಜಿಯ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತರು. ಆಟದ ಬಣ್ಣದ ಉಡುಪು ಹೊಲಿದು ಪಳಗಿದ ಕೈ ಅದು. ಕರೆಯಲು ಬಂದ ರೈತರಿಗೆ ಗಂಟಲು ಹೋಗಿದೆ ಎಂದು ಹೇಳಿ ಕಳಿಸುತ್ತಿದ್ದರು. ನಾನು ನಾಟಕದ ಪತ್ರಿಕೆಯಲ್ಲಿ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾದೆ. ಅದನ್ನು ಹೇಳಲು ಹೋದಾಗ ಅವರು ಸೂಜಿಯನ್ನು ಅಂಗಿಗೆ ಚುಚ್ಚಿ ನನ್ನ ತಲೆ ಸವರಿದರು. ಊರಿನವರಿಗೆ ನಿಜ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಹುಮನಾಬಾದಿನಲ್ಲೇ ಶಾಲಾ ಮಾಸ್ತರನಾಗಿ, ದಿನಾ ಆ ಅಂಗಡಿಯ ಮುಂದೆ ತಲೆ ತಗ್ಗಿಸಿ ಹಾದುಹೋಗುತ್ತಿದ್ದೆ.

ಹತ್ತು ವರ್ಷ ಕಳೆದು ನಿಜಾಮರ ಆಳ್ವಿಕೆ ಮುಗಿದಾಗ ಅವರ ಮನೆಗೆ ಓಡಿದೆ. ಮುಚ್ಚಳಿಕೆ ಇನ್ನು ಬರೀ ಕಾಗದ, ನೀವು ಆಟ ಆಡಿಸಬಹುದು ಎಂದೆ. ಅವರು ಕಾಯಿಲೆ ಬಿದ್ದು ಗೋಡೆಗೆ ಒರಗಿದ್ದರು. ನೀನು ಬರೆದದ್ದು ಉಳಿದಿದೆಯೇ, ಪೂರ್ತಿ ಕೇಳಬೇಕು ಎಂದರು. ಕಚ್ಚಾ ಪ್ರತಿಯನ್ನು ನಾನು ಸುಟ್ಟಿರಲಿಲ್ಲ. ತಂದು, ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಕೊನೆಯ ಪುಟ ಮುಗಿಸಿ ತಲೆ ಎತ್ತಿದರೆ ಅವರ ತುಟಿಗಳು ಅಲುಗುತ್ತಿದ್ದವು.

“ಛಲೋ ಬರದೀ. ಖರೇ, ಸಾಯಾಂವ ಇಷ್ಟು ಮಾತಾಡಂಗಿಲ್ಲ. ಒಂದ ಮಾತು ಇಡು, ಉಳದದ್ದು ತಗೀ.”

ಹತ್ತು ವರ್ಷದ ಬದುಕನ್ನು ಕಿತ್ತುಕೊಂಡ ಬರಹಕ್ಕೆ ಅವರು ತಾಲೀಮು ಕೊಡುತ್ತಿದ್ದರು. ತಪ್ಪಾಯಿತು ಎನ್ನುತ್ತ ನಾನು ಅವರ ಕಾಲ ಮೇಲೆ ಬಿದ್ದು ಅತ್ತೆ. ಎದ್ದು ನಿಂತು ಹೇಳು, ಕೂತು ಹೇಳಿದರೆ ಮಾತಿಗೆ ಬಲ ಬರುವುದಿಲ್ಲ ಎಂದರು.

ಒಂದು ತಿಂಗಳೂ ದಾಟಲಿಲ್ಲ, ಅವರು ಹೋದರು. ಘಾಟಬೋರಾಳದವರು ಬಂಡಿ ಕಟ್ಟಿಕೊಂಡು ಬಂದರು. ರಾಜನ ಪಾತ್ರದ ರೈತನ ಮೀಸೆ ಬೆಳ್ಳಗಾಗಿತ್ತು. ಪಾಪ, ಗಂಟಲು ಹೋಗದಿದ್ದರೆ ಎಂದು ಅಂಗಳದಲ್ಲಿ ಓಣಿಯವರು ಯಾರೋ ಅಂದರು. ನನಗೆ ತಡೆಯಲಾಗಲಿಲ್ಲ. ಅವರ ಗಂಟಲಿಗೆ ಏನೂ ಆಗಿರಲಿಲ್ಲ, ತಪ್ಪು ನನ್ನದು, ಆ ಆಟ ಕೆಡಿಸಿ ಬರೆದವನು ನಾನು ಎಂದು ಎಲ್ಲರ ಎದುರು ಹೇಳಿಬಿಟ್ಟೆ. ಹೊಡೆಯುತ್ತಾರೆ ಎಂದುಕೊಂಡೆ. ರಾಜನ ಪಾತ್ರದವನು ಹತ್ತಿರ ಬಂದು ನನ್ನ ಮೊಣಕೈ ಹಿಡಿದ.

“ನಮಗ ಗೊತ್ತದರಿ. ಆ ವರ್ಷಾನ ಠಾಣೆದ ಜವಾನ ಎಲ್ಲಾ ಹೇಳಿದ್ದ; ಮಂಗಳ ಇಲ್ಲದ ಆಟ ಮಾಸ್ತರ್ರದಲ್ಲಂತ ನಮಗ ಆಗೇ ತಿಳೀತು. ಹುಡುಗನ ಮುಂದ ಯಾರೂ ಆ ಮಾತು ತೆಗೀಬಾರದು ಅಂತ ಮಾಸ್ತರ್ರು ನಮ್ಮ ಕಡಿಂದ ಆಣಿ ಮಾಡಿಸ್ಕೊಂಡಿದ್ರು.”

ಹತ್ತು ವರ್ಷ ನಮ್ಮ ಅಂಗಡಿಯಲ್ಲಿ ಧೋತರ ಕೊಂಡು, ನಮಸ್ಕಾರ್ರಿ ಎಂದು ನಕ್ಕು ಹೋಗುತ್ತಿದ್ದವರು ಇವರೇ.

ಅವರು ಮಾಸ್ತರರ ಸುತ್ತ ಸಾಲಾಗಿ ನಿಂತರು. ಬರ್ರಿ, ಮಂಗಳಕ್ಕ ನಿಲ್ರಿ ಎಂದು ನನ್ನನ್ನೂ ಎಳೆದುಕೊಂಡರು. ಹಾಡು ಮುಗಿಯುವವರೆಗೂ ನಾನು ಆ ಕಪ್ಪು ತುಟಿಗಳನ್ನೇ ನೋಡುತ್ತಿದ್ದೆ. ಮುಗಿದ ಮೇಲೂ ಮಾಸ್ತರರು ಏಳಲಿಲ್ಲ, ನಾವು ಯಾರೂ ಮನೆಗೆ ಹೋಗಲಿಲ್ಲ.